ಬೋರಲು ಹಾಕಿದ ಬಾಣಲೆ

ಆ ದಿನ ಏನಾಯಿತು ಎಂಬುದನ್ನು ನಾನು ಮೂರು ಸಲ ಹೇಳಿದ್ದೇನೆ. ಮೊದಲ ಸಲ ಆಸ್ಪತ್ರೆಯ ಹಾಸಿಗೆಯ ಮೇಲೆ, ಬರೆದುಕೊಳ್ಳಲು ಬಂದ ಪೊಲೀಸರ ಮುಂದೆ. ಎರಡನೆಯ ಸಲ ಠಾಣೆಯಲ್ಲಿ; ಅವರು ಬರೆದದ್ದನ್ನು ಓದಿ ಹೇಳಿದಾಗ ಎರಡು ಕಡೆ ತಪ್ಪಿತ್ತು, ತಿದ್ದಿಸಿದೆ. ಮೂರನೆಯ ಸಲ ನಮ್ಮ ಮನೆಯ ಪಡಸಾಲೆಯಲ್ಲಿ, ಮಾತನಾಡಿಸಲು ಬಂದ ನೆಂಟರ ಮುಂದೆ. ಗಾಡಿ ಎಷ್ಟು ಜೋರಾಗಿತ್ತು, ಟ್ರಾಕ್ಟರ್ ಯಾವ ಕಡೆಯಿಂದ ಬಂತು, ಹೆಲ್ಮೆಟ್ ಇತ್ತೋ ಇಲ್ಲವೋ ಎಂದೆಲ್ಲ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಆದರೆ ಅದಕ್ಕೂ ಮೊದಲು ಶಹಾಪುರದಲ್ಲಿ ಒಂದು ಮಿರ್ಚಿ ಬಂಡಿಯ ಮುಂದೆ ನಾವಿಬ್ಬರೂ ನಿಂತಿದ್ದೆವು. ಅಲ್ಲಿ ಯಾಕೆ ನಿಂತಿರಿ ಎಂದು ಹಲವರು ಕೇಳಿದರು. ಹೇಗಿತ್ತು ಎಂದು ಯಾರೂ ಕೇಳಲಿಲ್ಲ.

ಚೆನ್ನಾಗಿತ್ತು. ಇದನ್ನು ಮೊದಲು ಬರೆದುಬಿಡುತ್ತೇನೆ.

ನಮ್ಮ ಮನೆಯವರು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಯಾದಗಿರಿಯಲ್ಲಿ ಮನೆ; ಕೆಲಸ ಮಾತ್ರ ಊರೂರ ಮೇಲೆ. ಮುದನಾಳ, ಬಳಿಚಕ್ರ, ಎಲ್ಲಿಂದ ಫೋನು ಬಂದರೂ ಬೈಕಿಗೆ ಚೀಲ ತೂಗುಹಾಕಿಕೊಂಡು ಹೊರಡುವವರು. ನಾನು ರಾಮಸಮುದ್ರದ ಶಾಲೆಯಲ್ಲಿ ಕಲಿಸುತ್ತೇನೆ. ಮನೆಯಲ್ಲಿದ್ದದ್ದು ನಾವಿಬ್ಬರು ಮತ್ತು ಅವರ ತಾಯಿ, ನಮ್ಮ ಅತ್ತೆ. ಆ ದಿನ ಸುರಪುರದಲ್ಲಿ ಮನೆಯವರ ಅಕ್ಕನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇತ್ತು. ಅತ್ತೆಗೆ ಮೊಣಕಾಲು ನೋವು, ಬರಲಿಲ್ಲ. ನಾವು ಬೈಕಿನಲ್ಲಿ ಹೋದೆವು. ಊಟ ಮುಗಿಸಿ ಒಂದು ಗಂಟೆಗೆ ಹೊರಡಬೇಕು ಎಂದುಕೊಂಡಿದ್ದೆವು. ಅಕ್ಕ ಬಿಡಲಿಲ್ಲ. ಎಲೆ ಅಡಿಕೆ ಆಯಿತು, ಮಾತಾಯಿತು, ಚಹಾ ಆಯಿತು. ಹೊರಟಾಗ ಮೂರಕ್ಕೆ ಹತ್ತು ನಿಮಿಷವಿತ್ತು.

ಶಹಾಪುರಕ್ಕೆ ಬಂದಾಗ ಮನೆಯವರು ಏನೂ ಹೇಳದೆ ಗಾಡಿಯನ್ನು ಎಡಕ್ಕೆ ತೆಗೆದುಕೊಂಡರು. ಕೇಳುವ ಅಗತ್ಯ ನನಗೂ ಇರಲಿಲ್ಲ. ಆ ಬಂಡಿಯ ಹೆಂಗಸು ದೂರದಿಂದಲೇ ನೋಡಿ, ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಗಳನ್ನು ಎಣ್ಣೆಗೆ ಬಿಡಲು ಶುರು ಮಾಡಿದಳು.

"ಇವು ತಗೋರಿ ಅಣ್ಣಾ, ಈಗ ತೆಗದೀನಿ" ಎಂದು ತಟ್ಟೆಯಲ್ಲಿದ್ದವನ್ನು ತೋರಿಸಿದಳು.

"ಅವು ಎಣ್ಣಿ ಕುಡದಾವ. ನೀ ಈಗ ಬಿಟ್ಟಿದ್ದು ಕೊಡು."

"ಪ್ರತಿ ಸರ್ತಿ ನನ್ನ ಮಿರ್ಚಿಗಿ ಹೆಸರಿಡ್ತೀರಿ, ಪ್ರತಿ ಸರ್ತಿ ಬರ್ತೀರಿ."

"ಹೆಸರಿಡಾಕ ಬರ್ತೀನಿ" ಎಂದರು ಅವರು.

ಕಾದು ನಿಂತೆವು. ಎದುರಿಗೆ ಗುಡ್ಡದ ಬಂಡೆಗಳಲ್ಲಿ ತಾನಾಗಿ ಮೂಡಿದ ಬುದ್ಧ ಎಂದಿನಂತೆ ಅಂಗಾತ ಮಲಗಿದ್ದ. ಮನೆಯವರು ಗದ್ದ ಎತ್ತಿ ಆ ಕಡೆ ತೋರಿಸಿ, "ನೋಡು, ಊಟ ಆಗಿ ಅಡ್ಡಾಗ್ಯಾನ" ಎಂದರು. ಇದೇ ಮಾತನ್ನು ಅವರು ಮದುವೆಯಾದ ವರ್ಷವೂ ಹೇಳಿದ್ದರು. ನಾನು ಆಗ ನಕ್ಕಿದ್ದೆ, ಆಮೇಲೆ ಅನೇಕ ಸಲ ನಕ್ಕಿರಲಿಲ್ಲ. ಆ ದಿನ ನಕ್ಕೆ. ಇದು ನನಗೆ ಖಚಿತವಾಗಿ ನೆನಪಿದೆ.

ಬಿಸಿ ಮಿರ್ಚಿಗಳು ಕಾಗದದ ಮೇಲೆ ಬಂದವು. ಅವರು ಮೆಣಸಿನಕಾಯಿಯನ್ನು ತುದಿಯಿಂದ ತಿನ್ನುತ್ತ ಬಂದು, ತೊಟ್ಟನ್ನು ಮಾತ್ರ ಉಳಿಸಿ, ಕಾಗದದ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಮೊದಲನೆಯದು ಬಾಯಲ್ಲಿರುವಾಗಲೇ ಜೇಬಿನಿಂದ ಫೋನು ತೆಗೆದು ತಾಯಿಗೆ ಹಚ್ಚಿದರು. "ಯವ್ವಾ, ಶಾಪುರದಾಗ ಅದೀವಿ. ಮಿರ್ಚಿ ಎಷ್ಟು ತರ್ಲಿ?" ಅತ್ತೆ ನಾಲ್ಕು ಎಂದರಂತೆ; ಅವರು ನಗುತ್ತ ನನಗೆ ನಾಲ್ಕು ಬೆರಳು ತೋರಿಸಿದರು. ಆ ಫೋನಿನಲ್ಲಿ ಕರೆ ಹೋದ ಹೊತ್ತು ಇಂದಿಗೂ ಇದೆ: ಮೂರು ಗಂಟೆ ನಲವತ್ತು ನಿಮಿಷ. ನಂತರ ನನ್ನ ಫೋನಿನಿಂದ ನಾನು ಪಕ್ಕದ ಮನೆಯ ಆಪಾಗೆ ಮಾಡಿದೆ. ನಳದಲ್ಲಿ ನೀರು ಬಂದರೆ ನಮ್ಮದೂ ಎರಡು ಕೊಡ ತುಂಬಿಡಿ, ನಾವು ಶಹಾಪುರ ಬಿಡುತ್ತಿದ್ದೇವೆ ಎಂದು ಹೇಳಲು. ಅದು ಮೂರು ಐವತ್ತೊಂದು.

ಈ ಎರಡರ ನಡುವೆ ನಡೆದದ್ದು ಇಷ್ಟು. ಅವರು ಮೂರು ಮಿರ್ಚಿ ತಿಂದರು. ನನ್ನ ಎರಡನೆಯದರಲ್ಲಿ ಅರ್ಧವನ್ನು ಕಸಿದುಕೊಂಡರು. ಬಾಣಲೆಯಲ್ಲಿ ಬಿದ್ದು ಗರಿಗರಿಯಾದ ಹಿಟ್ಟಿನ ಹನಿಗಳನ್ನು ಬಂಡಿಯವಳು ಸೋಸಿ ತೆಗೆದು, ಬೇಡದೆಯೇ ಒಂದು ಹಿಡಿ ಹಾಕಿದಳು. ಗಾಳಿ ಇತ್ತು, ಒಲೆಯ ಬಿಸಿ ಮುಖಕ್ಕೆ ಬಂದು ಹೋಗುತ್ತಿತ್ತು. ಅವರ ಮೂಗಿನ ತುದಿ ಖಾರಕ್ಕೆ ಬೆವರಿತ್ತು. ಕಣ್ಣಲ್ಲಿ ನೀರು. "ಹಾ" ಎಂದರು. ನಮಗೆ ಆಗ ಯಾವ ಕೊರತೆಯೂ ಇರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಕಳೆದುಕೊಂಡ ಮೇಲೆ ಗೊತ್ತಾದದ್ದಲ್ಲ.

ಉಳಿದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ದೋರನಹಳ್ಳಿ ದಾಟಿದ ಮೇಲೆ ಎಡಗಡೆಯ ಹೊಲದ ದಾರಿಯಿಂದ ಹತ್ತಿ ತುಂಬಿದ ಟ್ರಾಕ್ಟರ್ ರಸ್ತೆಗೆ ಬಂತು. ನಡೆಸುವವನು ಒಂದೇ ಕಡೆ ನೋಡಿದ, ನಾವು ಬರುತ್ತಿದ್ದ ಕಡೆ ನೋಡಲಿಲ್ಲ. ಮನೆಯವರು ಬ್ರೇಕು ಹಿಡಿದರು. ಹೆಲ್ಮೆಟ್ ಇತ್ತು, ಅದರ ಪಟ್ಟಿಯೂ ಹಾಕಿತ್ತು. ನಾನು ರಸ್ತೆಯ ಪಕ್ಕದ ಕರಿಮಣ್ಣಿನಲ್ಲಿ ಬಿದ್ದೆ, ಅವರು ಟ್ರಾಕ್ಟರಿನ ಗಾಲಿಯ ಹತ್ತಿರ ಬಿದ್ದರು. ನನ್ನ ಎಡ ಹೆಗಲ ಎಲುಬು ಮುರಿದಿತ್ತು. ಬಲಗೈಯಲ್ಲಿ ಅತ್ತೆಯ ಮಿರ್ಚಿಯ ಪೊಟ್ಟಣ ಹಾಗೇ ಇತ್ತು. ನಾನು ಅದನ್ನು ಬಿಟ್ಟಿರಲಿಲ್ಲ. ಯಾರೋ ನನ್ನನ್ನು ಎಬ್ಬಿಸುವಾಗಲೂ ಅದು ಬೆಚ್ಚಗಿತ್ತು. ಅವರು ಉಸಿರಾಡುತ್ತಿರಲಿಲ್ಲ.

ಮರುದಿನ ಮಣ್ಣು ಮಾಡಿದರು. ನಾನು ಕೈಯನ್ನು ಕೊರಳಿಗೆ ಕಟ್ಟಿಸಿಕೊಂಡು ಆಸ್ಪತ್ರೆಯಿಂದ ನೇರ ಮನೆಗೆ ಬಂದಿದ್ದೆ. ಪಡಸಾಲೆಯಲ್ಲಿ ಅತ್ತೆಯ ಪಕ್ಕದಲ್ಲಿ ಕೂಡಿಸಿದ್ದರು. ಅಕ್ಕ ನನ್ನ ಚೀಲದಿಂದ ಏನನ್ನೋ ತೆಗೆಯಲು ಹೋಗಿ ಆ ಪೊಟ್ಟಣವನ್ನು ಹೊರಗೆ ತೆಗೆದಳು. ಕಾಗದವೆಲ್ಲ ಎಣ್ಣೆಯಾಗಿತ್ತು.

"ಇದೇನಿದು?" ಎಂದಳು.

"ಮಿರ್ಚಿ. ಅತ್ತಿ ತರಾಕ ಹೇಳಿದ್ರು" ಎಂದೆ.

ಈ ಮಾತಿನಲ್ಲಿ ಸುಳ್ಳಿರಲಿಲ್ಲ. ಅತ್ತೆ ಹೇಳಿದ್ದರು. ಆದರೆ ನಾನು ಅರ್ಧ ಮಾತ್ರ ಹೇಳಿದ್ದೆ, ಅದನ್ನು ಯಾರ ಮುಂದೆ ಹೇಳುತ್ತಿದ್ದೇನೆ ಎಂದು ನೋಡಿರಲಿಲ್ಲ. ಠಾಣೆಯಲ್ಲಿ ಎರಡು ತಪ್ಪು ತಿದ್ದಿಸಿದವಳು ನಾನು. ನನ್ನದೇ ಮಾತನ್ನು ತಿದ್ದಲು ಐವತ್ತೆರಡು ದಿನ ಬೇಕಾಯಿತು.

ನಮ್ಮಲ್ಲಿ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಕರಿಯುವುದಿಲ್ಲ. ರೊಟ್ಟಿ ಬಡಿಯಬಹುದು, ಬೇಯಿಸಬಹುದು, ಒಗ್ಗರಣೆ ಕೂಡ ಕೊಡಬಹುದು. ಆದರೆ ಬಾಣಲೆ ಇಟ್ಟು ಎಣ್ಣೆ ಸುರಿದು ಕರಿದರೆ ಅದು ಹಬ್ಬ. ಆ ವಾಸನೆ ಓಣಿಗೆಲ್ಲ ಗೊತ್ತಾಗುತ್ತದೆ. ರೊಟ್ಟಿಯ ಹಾಗೆ ಬಾಗಿಲು ಹಾಕಿಕೊಂಡು ಮಾಡುವಂಥದ್ದಲ್ಲ. ದಿನಕರ್ಮ ಮುಗಿದ ಸಂಜೆ ಅಕ್ಕ ನಮ್ಮ ಬಾಣಲೆಯನ್ನು ತೊಳೆದು, ಒರೆಸಿ, ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಹಿಟ್ಟಿನ ಡಬ್ಬಿಗಳ ಹಿಂದೆ ಬೋರಲು ಹಾಕಿದಳು. "ವರ್ಷದ ತನಕ ಇದಕ್ಕ ಕೈ ಹಚ್ಚಬ್ಯಾಡ್ರಿ" ಎಂದಳು. ನಾನು ತಲೆ ಅಲ್ಲಾಡಿಸಿದೆ. ಆಗ ನನಗೆ ಎಲ್ಲದಕ್ಕೂ ತಲೆ ಅಲ್ಲಾಡಿಸುವುದು ಸುಲಭವಾಗಿತ್ತು.

ಇನ್ನೊಂದನ್ನು ಇಲ್ಲಿಯೇ ಹೇಳಬೇಕು. ಮೂರನೆಯ ದಿನ ಆಪಾ ಬಿಸಿ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟರು. ಬಲಗೈಯಿಂದ ಒಂದು ತುತ್ತು ಮುರಿದು ಬಾಯಿಗಿಟ್ಟೆ. ರುಚಿಯಾಗಿತ್ತು. ಪುಂಡಿಯ ಹುಳಿ, ಬೆಳ್ಳುಳ್ಳಿ, ಹಸಿ ಶೇಂಗಾ ಎಣ್ಣೆ, ಎಲ್ಲವೂ ನಾಲಿಗೆಗೆ ಬೇರೆ ಬೇರೆಯಾಗಿ ಗೊತ್ತಾಯಿತು. ನನಗೆ ಗಾಬರಿಯಾಯಿತು. ಗಂಡ ಸತ್ತು ಮೂರು ದಿನವಾದವಳಿಗೆ ಪುಂಡಿಪಲ್ಯ ರುಚಿಸಬಾರದು ಎಂದು ಯಾರೂ ನನಗೆ ಹೇಳಿರಲಿಲ್ಲ. ಆದರೂ ಯಾರಾದರೂ ನೋಡಿದರೇನೋ ಎಂದು ತಲೆ ತಗ್ಗಿಸಿದೆ. ನೋಡಿದ್ದರು. ಬಾಗಿಲ ಬಳಿ ಕೂತಿದ್ದ ಒಬ್ಬಾಕೆ ಪಕ್ಕದವಳಿಗೆ, "ಊಟ ಹೋಗ್ತದ ನೋಡಬೇ ಈಕಿಗಿ" ಎಂದಳು. ಅಂದಿನಿಂದ ನಾನು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದೆ. ನಾಚಿಕೆಯಾಗಬೇಕಾದದ್ದು ಉಂಡದ್ದಕ್ಕಲ್ಲ, ಮುಖ ತಿರುಗಿಸಿದ್ದಕ್ಕೆ ಎಂದು ಈಗ ಅನಿಸುತ್ತದೆ.

ಅತ್ತೆ ಉಣ್ಣಲಿಲ್ಲ.

ಮೊದಲ ವಾರ ಯಾರಿಗೂ ಅದು ವಿಶೇಷ ಅನಿಸಲಿಲ್ಲ. ಮಗ ಸತ್ತ ತಾಯಿ ಹೇಗೆ ಉಂಡಾಳು ಎಂದರು. ಎರಡನೆಯ ವಾರ ಅಂಬಲಿ ಮಾಡಿಕೊಟ್ಟೆ, ನಾಲ್ಕು ಚಮಚ ಕುಡಿದು ಲೋಟ ಸರಿಸಿದರು. ದಿನಕ್ಕೆ ಐದು ಸಲ ಚಹಾ ಕೇಳುತ್ತಿದ್ದವರು ಚಹಾ ಬಿಟ್ಟರು. ಕುಪ್ಪಸದ ತೋಳು ಸಡಿಲವಾಯಿತು. ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನಲವತ್ತು ದಿನ ಆದ ಮೇಲೆ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಪರೀಕ್ಷೆ ಮಾಡಿಸಿ, ರೋಗವೇನೂ ಕಾಣುವುದಿಲ್ಲ, ಹೀಗೆಯೇ ಹೊಟ್ಟೆಗೆ ಹೋಗದಿದ್ದರೆ ಉಳಿಯುವುದು ಕಷ್ಟ, ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದರು. ಬರುವಾಗ ಆಟೋದಲ್ಲಿ ಅತ್ತೆ ಬಾಯಿಬಿಟ್ಟು ಒಂದೇ ಮಾತು ಹೇಳಿದರು: "ನಳಿಗಿ ಹಾಕಿದ್ರ ಕಿತ್ತಿ ಒಗಿತೀನಿ."

ಅವರು ಸಾಯಲು ಹೊರಟಿದ್ದಾರೆ ಎಂದು ನನಗೆ ಅಂದು ತಿಳಿಯಿತು. ಯಾಕೆ ಎಂದು ತಿಳಿದಿರಲಿಲ್ಲ. ದುಃಖ ಎಂದುಕೊಂಡಿದ್ದೆ. ಒಂದೇ ಮನೆಯಲ್ಲಿ ಒಂದೇ ಸಾವಿಗೆ ಅಳುತ್ತಿದ್ದೆವು, ಅವರದೂ ನನ್ನದೂ ಒಂದೇ ದುಃಖ ಎಂದು ತಿಳಿದಿದ್ದೆ.

ಐವತ್ತೊಂದನೆಯ ದಿನ ಶನಿವಾರ. ಅಕ್ಕ ಸುರಪುರದಿಂದ ಬಂದಳು. ಮರುದಿನ ಬೆಳಿಗ್ಗೆ ತಾಯಿಯ ತಲೆಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ನಾನು ಅಂಬಲಿಯ ಲೋಟ ಹಿಡಿದು ನಿಂತಿದ್ದೆ. ಅಕ್ಕ ಯಾರಿಗೂ ಅಲ್ಲದಂತೆ ಹೇಳಿದಳು: "ಮಿರ್ಚಿ ತಿನ್ನಾಕ ನಿಂತ್ರಲ್ಲ, ಅದೇ ತಿಂತು ನನ್ನ ತಮ್ಮನ್ನ. ನಿಲ್ಲದಿದ್ರ ಆ ಟ್ರಾಕ್ಟರ್ ಬರೂದ್ರಾಗ ಇವರು ಹೊಳಿ ದಾಟಿರ್ತಿದ್ರು."

ಈ ಮಾತನ್ನು ಆಕೆ ಮೊದಲೂ ಆಡಿದ್ದಳು, ನನಗೆ. ಕೇಳಿ ಸುಮ್ಮನಿರುವುದು ರೂಢಿಯಾಗಿತ್ತು. ಆದರೆ ಆ ದಿನ ಅತ್ತೆ ಗೋಡೆಯ ಕಡೆ ಮುಖ ಇಟ್ಟುಕೊಂಡೇ ಉತ್ತರ ಕೊಟ್ಟರು.

"ನಾನ ಹೇಳಿದ್ದೆ ತಾ ಅಂತ. ನನ್ನ ನಾಲಿಗಿ ಚಪಲಕ್ಕ ನಿಂದ್ರಿಸಿದೆ. ನಾನ ತಿಂದೆ ನನ್ನ ಮಗನ್ನ."

ಲೋಟವನ್ನು ಕೆಳಗಿಟ್ಟೆ. ಐವತ್ತೆರಡು ದಿನ ಈಕೆ ಅನ್ನ ಬಿಟ್ಟದ್ದು ನನ್ನ ಅರ್ಧ ಮಾತಿನ ಮೇಲೆ. ಆಗಲೇ ಹೇಳಿಬಿಡಬಹುದಿತ್ತು. ಆದರೆ ಅಕ್ಕ ಅಳುತ್ತಿದ್ದಳು, ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಆ ಹೊತ್ತಿನಲ್ಲಿ ಏನು ಹೇಳಿದರೂ ಸಮಾಧಾನದ ಮಾತಿನಂತೆ ಕೇಳಿಸುತ್ತಿತ್ತು. ಸಮಾಧಾನದ ಮಾತನ್ನು ಅತ್ತೆ ಆಗಲೇ ಸಾಕಷ್ಟು ಕೇಳಿದ್ದರು. ಚಪ್ಪಲಿ ಮೆಟ್ಟಿಕೊಂಡು ಮಾರುಕಟ್ಟೆಗೆ ಹೋದೆ. ಉದ್ದನೆಯ ಹಸಿಮೆಣಸಿನಕಾಯಿ ಆರಿಸಿ ತಂದೆ. ಕಡಲೆಹಿಟ್ಟು ತಂದೆ. ಬಂಡಿಯ ಮುಂದೆ ನಾವು ನಿಂತದ್ದು ತಪ್ಪಲ್ಲ ಎನ್ನುವುದಾದರೆ, ಅದನ್ನು ಬಾಯಲ್ಲಿ ಹೇಳಿ ಬಾಣಲೆಯನ್ನು ಬೋರಲು ಬಿಡುವುದು ನನಗೆ ಸರಿ ಕಾಣಲಿಲ್ಲ.

ನನ್ನ ಎಡಗೈ ಇನ್ನೂ ಮೇಲಕ್ಕೆ ಏಳುತ್ತಿರಲಿಲ್ಲ. ಹಿತ್ತಲ ಗೋಡೆಯ ಮೇಲಿಂದ ಆಪಾನನ್ನು ಕರೆದೆ. ಆಪಾಗೆ ಅರವತ್ತು ದಾಟಿದೆ. ಈ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು, ಎಲ್ಲರಿಗಿಂತ ಜೋರಾಗಿ ಮಾತನಾಡುವವರು. ಬಂದು, ಮೆಣಸಿನಕಾಯಿ ನೋಡಿ, ಮೇಲಿನ ಹಲಗೆ ನೋಡಿ, ನನ್ನ ಮುಖ ನೋಡಿದರು.

"ಕ್ಯಾ ಬೇಟಿ, ಹುಚ್ಚು ಹಿಡದದೇನು? ಒಳಗ ನಿಮ್ಮ ನಾದಿನಿ ಮಲಗ್ಯಾಳ."

"ಬಾಣಲಿ ಇಳಸಿ ಕೊಡ್ರಿ ಆಪಾ. ನನ್ನ ಕೈ ಏಳಂಗಿಲ್ಲ."

"ಒಂದ್ ಕೆಲಸ ಮಾಡು. ಹಿಟ್ಟು ನನಗ ಕೊಡು. ನಮ್ಮ ಮನ್ಯಾಗ ಕರದು ಗ್ವಾಡಿ ಮ್ಯಾಲಿಂದ ಕೊಡ್ತೀನಿ. ವಾಸನಿ ನಂದು, ಮಿರ್ಚಿ ನಿಂದು. ಲೋಗಾಂ ಕೇಳಿದ್ರ ನಮ್ಮ ಮನಿಗಿ ಮೆಹಮಾನ್ ಬಂದಾರ ಅಂತೀನಿ."

ಅವರು ಹೇಳಿದ್ದು ಜಾಣತನದ ಮಾತು. ಒಂದು ಕ್ಷಣ ಒಪ್ಪಬೇಕು ಅನಿಸಿತ್ತು ಕೂಡ.

"ಬ್ಯಾಡ್ರಿ ಆಪಾ. ವಾಸನೀನೂ ನಮ್ಮದೇ ಇರ್ಲಿ."

ಆಪಾ ಸ್ಟೂಲು ಎಳೆದು, ಹತ್ತಿ, ಡಬ್ಬಿಗಳನ್ನು ಸರಿಸಿ ಬಾಣಲೆಯನ್ನು ಇಳಿಸಿದರು. ಅದರ ಬೆನ್ನ ಮೇಲೆ ಧೂಳು ಕೂತಿತ್ತು. ತಮ್ಮ ಓಢಣಿಯ ತುದಿಯಿಂದಲೇ ಒರೆಸಿ, ಒಲೆಯ ಮೇಲೆ ಬಾಯಿ ಮೇಲಾಗಿ ಇಟ್ಟು ಹೋದರು.

ನಾಲ್ಕು ಗಂಟೆಯ ಹೊತ್ತಿಗೆ ಎಣ್ಣೆ ಕಾಯಿತು. ಒಂದು ಹನಿ ಹಿಟ್ಟು ಬಿಟ್ಟು ನೋಡಿದೆ, ಮೇಲೆದ್ದು ಬಂತು. ಕಾಯಿ ಸೀಳಿ ಉಪ್ಪು ಜೀರಿಗೆ ತುಂಬಿ, ಹಿಟ್ಟಿನಲ್ಲಿ ಹೊರಳಿಸಿ, ಒಂದೊಂದಾಗಿ ಬಿಟ್ಟೆ. ಚುರ್ ಎಂಬ ಆ ಸದ್ದು ನಮ್ಮ ಮನೆಯಲ್ಲಿ ಐವತ್ತೆರಡು ದಿನದಿಂದ ಕೇಳಿರಲಿಲ್ಲ. ಮೊದಲು ಬಿಟ್ಟವು ಎಣ್ಣೆ ಕುಡಿದವು, ಬದಿಗಿಟ್ಟೆ. ಎರಡನೆಯ ಸಲ ಬಿಟ್ಟೆ. ಕಿಟಕಿ ತೆರೆದೇ ಇತ್ತು. ಮುಚ್ಚಲಿಲ್ಲ.

ಅಕ್ಕ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಿದ್ದೆಗಣ್ಣು. ಮೊದಲು ಅವಳಿಗೆ ನಂಬಿಕೆಯೇ ಬರಲಿಲ್ಲ.

"ಏನ್ ನಡಸೀಯಬೇ?"

"ಮಿರ್ಚಿ ಮಾಡಾಕತ್ತೇನಿ ಅಕ್ಕಾ."

"ವರ್ಷ ಆಗಿಲ್ಲ. ಎರಡ್ ತಿಂಗಳ ಸೈತ ಆಗಿಲ್ಲ. ಓಣಿ ತುಂಬ ವಾಸನಿ ಹೊಂಟದ. ಮಂದಿ ಏನಂತಾರ?"

"ಮಿರ್ಚಿ ಮಾಡ್ಯಾಳ ಅಂತಾರ."

"ನಾಚಿಕಿ ಬರಂಗಿಲ್ಲ ನಿನಗ? ಯಾವುದು ನನ್ನ ತಮ್ಮನ್ನ ತಿಂತೋ, ಅದನ್ನ ಮಾಡ್ಕೊಂಡ್ ತಿಂತೀಯಾ?"

"ನಿಮ್ಮ ತಮ್ಮನ್ನ ಮಿರ್ಚಿ ತಿಂದಿಲ್ಲ ಅಕ್ಕಾ. ಟ್ರಾಕ್ಟರ್ ನಡಸವ ನೋಡದೆ ಬಂದ. ನಾ ಅಲ್ಲೇ ಇದ್ದೆ. ನೀವಿರಲಿಲ್ಲ."

"ಅಲ್ಲಿ ನಿಲ್ಲದಿದ್ರ..."

"ನಿಮ್ಮ ಮನಿ ನಾವು ಒಂದಕ್ಕ ಬಿಡಬೇಕಿತ್ತು" ಎಂದೆ.

ಅಷ್ಟೇ ಹೇಳಿದೆ. ಮುಂದಿನ ಮಾತುಗಳು ನನ್ನ ಹತ್ತಿರ ಸಿದ್ಧವಾಗಿದ್ದವು. ಎಲೆ ಅಡಿಕೆ, ಚಹಾ, ಮೂರಕ್ಕೆ ಹತ್ತು ನಿಮಿಷ. ಅವಳ ಮುಖ ನೋಡಿ ನಿಲ್ಲಿಸಿದೆ. ಅವಳು ಬೆಚ್ಚಲಿಲ್ಲ, ಸಿಟ್ಟಾಗಲಿಲ್ಲ. ತನಗೆ ಬಹಳ ದಿನದಿಂದ ಗೊತ್ತಿರುವ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದವಳ ಹಾಗೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಆ ಚಹಾವನ್ನು ಅವಳೂ ಐವತ್ತೆರಡು ದಿನ ಕುದಿಸುತ್ತಲೇ ಇದ್ದಳು. ತಪ್ಪನ್ನು ಮಿರ್ಚಿಯ ಮೇಲೆ ಹಾಕಿದ್ದು ಅದಕ್ಕೇ.

"ನಿಮ್ಮ ಚಹಾನೂ ಛಲೋ ಇತ್ತು ಅಕ್ಕಾ" ಎಂದೆ. "ಅವರು ಎರಡ್ ಸರ್ತಿ ಹಾಕಿಸ್ಕೊಂಡ್ರು. ಅದೂ ತಿಂದಿಲ್ಲ ಅವರನ್ನ."

ಇದು ದೊಡ್ಡ ಮನಸ್ಸಿನಿಂದ ಆಡಿದ ಮಾತಲ್ಲ. ನಡೆದದ್ದು ಹಾಗೆಯೇ ಇತ್ತು. ಎರಡನೆಯ ಸಲ ಲೋಟ ಚಾಚಿದ್ದು ಅವರೇ. ಮಿರ್ಚಿಯನ್ನು ಬಿಡಿಸಿ ಚಹಾವನ್ನು ಕಟ್ಟಿಹಾಕಿದರೆ ನನ್ನ ಹೇಳಿಕೆ ಮತ್ತೆ ಅರ್ಧವಾಗುತ್ತಿತ್ತು.

ಆಗ ಒಳಕೋಣೆಯಿಂದ ಅತ್ತೆಯ ದನಿ ಬಂತು.

"ಯಾರ್ ಮನ್ಯಾಗ ಕರಿಯಾಕತ್ತಾರ?"

"ನಮ್ಮ ಮನ್ಯಾಗರೀ ಅತ್ತಿ" ಎಂದು ಕೂಗಿ ಹೇಳಿದೆ.

ಎರಡು ಮಿರ್ಚಿ ತಟ್ಟೆಗೆ ಹಾಕಿಕೊಂಡು ಒಳಗೆ ಹೋದೆ. ಅತ್ತೆ ಎದ್ದು ಕೂತಿದ್ದರು. ತಟ್ಟೆ ನೋಡಿದ್ದೇ ಮುಖ ಹೊರಳಿಸಿದರು. ನಾನು ಅದನ್ನು ನಡುವೆ ಇಟ್ಟು, ಎದುರಿಗೆ ಕೂತೆ. ಠಾಣೆಯಲ್ಲಿ ಹೇಳಿದ ಹಾಗೆ, ಒಂದಾದ ಮೇಲೆ ಒಂದು ಹೇಳಿದೆ.

"ಅತ್ತಿ, ನಾ ಅವತ್ತು ಅರ್ಧ ಮಾತು ಹೇಳಿದ್ದೆ. ಈಗ ಪೂರ್ತಿ ಕೇಳ್ರಿ. ನೀವು ಹೇಳಿದ್ರಿ ಅಂತ ನಾವು ನಿಂತಿಲ್ಲ. ಮೊದಲು ಗಾಡಿ ನಿಂದ್ರಿಸಿದ್ರು. ಆಮ್ಯಾಲ ಬಂಡಿಯಾಕಿ ಮಿರ್ಚಿ ಕರದ್ಳು. ಆಮ್ಯಾಲ ತಿನ್ನಾಕ ಹತ್ತಿದ್ರು. ಆಮ್ಯಾಲ ನಿಮಗ ಫೋನ್ ಹಚ್ಚಿದ್ರು. ಫೋನ್ ಹಚ್ಚಿದಾಗ ಅವರ ಬಾಯಾಗ ಮಿರ್ಚಿ ಇತ್ತು."

ಅತ್ತೆ ನನ್ನ ಕಡೆ ನೋಡಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಆಮೇಲೆ ಹುಬ್ಬು ಗಂಟಿಕ್ಕಿದರು, ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ.

"ಬಾಯಾಗ ಏನೋ ಇಟ್ಕೊಂಡಿದ್ದ" ಎಂದರು. "ಹೌದು. ಮಾತು ತಿಳೀವಲ್ದಾಗಿತ್ತು. ಬಾಯಾಗಿಂದು ನುಂಗಿ ಮಾತಾಡೋ, ಕುರಿ ಮೇದಂಗ ಕೇಳಸ್ತದ ಅಂತ ನಾನ ಬೈದೆ."

"ಬೈದ್ರೇನ್ರಿ?"

"ಬೈದೆ. ನಕ್ಕ."

ಆ ನಗು ಫೋನಿನ ಆ ತುದಿಯಲ್ಲಿ ಕೇಳಿಸಿತ್ತು, ಈ ತುದಿಯಲ್ಲಿ ನಾನು ಕಂಡಿದ್ದೆ. ಅವರು ನಕ್ಕಿದ್ದು ಯಾಕೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

"ಎಷ್ಟ್ ತಿಂದಿದ್ದ?" ಅತ್ತೆ ಕೇಳಿದರು.

"ಮೂರು. ನಂದರಾಗ ಅರ್ಧ ಕಸಗೊಂಡ್ರು."

"ಹೂಂ. ಸಣ್ಣಾಂವಿದ್ದಾಗಿಂದ ಅಂವ ಹಂಗೇ. ಅಕ್ಕನ ತಾಟಿನ್ಯಾಗೂ ಕೈ ಹಾಕ್ತಿದ್ದ." ಮತ್ತೆ ಕೇಳಿದರು: "ರುಚಿ ಇತ್ತೇನು?"

ಪೊಲೀಸರಿಂದ ಹಿಡಿದು ನೆಂಟರವರೆಗೆ ಯಾರೂ ಕೇಳದ ಪ್ರಶ್ನೆ ಅದು. ಸರಿಯಾಗಿ ಉತ್ತರ ಕೊಡಬೇಕಿತ್ತು.

"ಇತ್ತರಿ. ಕೈ ಸುಡ್ತಿದ್ವು. ಬಾಳ ರುಚಿ ಇತ್ತು."

ಅತ್ತೆ ತಟ್ಟೆಯಿಂದ ಒಂದನ್ನು ಎತ್ತಿಕೊಂಡರು. ಮೇಲಿನ ಹಿಟ್ಟನ್ನು ಉಗುರಿನಿಂದ ಬಿಡಿಸಿ ಒಂದು ಚೂರು ಬಾಯಿಗಿಟ್ಟರು. ಉಳಿದಿದ್ದ ನಾಲ್ಕು ಹಲ್ಲಿನ ಕಡೆ ತಳ್ಳಿ ನಿಧಾನವಾಗಿ ಅಗಿದರು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ನುಂಗಿದರು.

"ಹಿಟ್ಟಿಗಿ ಅಜವಾನ ಹಾಕಿಲ್ಲ ನೀ."

"ಮರ್ತೆರಿ."

"ಉಪ್ಪೂ ಕಮ್ಮಿ ಅದ. ಸಾಲಿ ಮಕ್ಕಳಿಗಿ ಏನ್ ಕಲಸ್ತೀಯೋ ಏನೋ" ಎಂದು ಇನ್ನೊಂದು ಚೂರು ಬಿಡಿಸಿದರು.

ಅಡುಗೆಮನೆಯಿಂದ ಅಕ್ಕನ ದನಿ ಕೇಳಿತು. "ಎಣ್ಣ್ಯಾಗ ಬಿಟ್ಟು ಹೋಗೀದಿಯಲ್ಲಬೇ, ಸುಟ್ಟು ಕರಕಾಗ್ತಾವ. ಉರಿ ಸಣ್ಣ ಮಾಡಬೇಕಂತ ತಿಳಿಯಂಗಿಲ್ಲೇನು?" ಬಾಣಲೆಗೆ ಸೌಟು ತಾಗಿದ ಸದ್ದಾಯಿತು. ನಾನು ಹೋಗಿ ನೋಡಿದಾಗ ಅವಳು ಕಣ್ಣೊರೆಸಿಕೊಳ್ಳುತ್ತ ಒಂದೊಂದನ್ನೇ ಎಣ್ಣೆಯಿಂದ ಎತ್ತಿ ಬಸಿಯಲು ಇಡುತ್ತಿದ್ದಳು. ಆ ದಿನ ಅವಳು ಒಂದೂ ತಿನ್ನಲಿಲ್ಲ. ಆದರೆ ಬಾಣಲೆಯನ್ನು ತೊಳೆದ ಮೇಲೆ ಹಲಗೆಯ ಮೇಲೆ ಹಾಕಲಿಲ್ಲ, ಒಲೆಯ ಪಕ್ಕದಲ್ಲಿಯೇ ಇಟ್ಟಳು.

ಮಂದಿ ಮಾತನಾಡಿದರು. ಒಬ್ಬಾಕೆ ಬಾಗಿಲಿಗೇ ಬಂದು, "ಏನು, ನಿನ್ನೆ ನಿಮ್ಮನ್ಯಾಗ ಹಬ್ಬ ಇತ್ತಂತ?" ಎಂದಳು. ಹೌದ್ರಿ, ಅತ್ತಿ ಊಟ ಮಾಡಿದ್ರು ಎಂದೆ. ಮನೆಯವರ ಸಾವಿಗೆ ನಾನು ಯಾವ ಅರ್ಥವನ್ನೂ ಕಟ್ಟುವುದಿಲ್ಲ. ಅದು ಅನ್ಯಾಯ, ಅಷ್ಟೇ. ಆದರೆ ಆ ಬಂಡಿಯ ಮುಂದಿನ ಹೊತ್ತನ್ನು ಅದಕ್ಕೆ ದಂಡವಾಗಿ ಕಟ್ಟಲು ನಾನು ಸಿದ್ಧಳಿಲ್ಲ. ಅದು ನಮಗೆ ಸಿಕ್ಕಿತ್ತು, ನಾವು ಪೂರ್ತಿ ತಿಂದಿದ್ದೆವು. ಈಗ ನಾನು ಗೋಡೆಗೆ ಮುಖ ಮಾಡಿ ಉಣ್ಣುವುದಿಲ್ಲ. ಸಂಜೆ ಶಾಲೆಯಿಂದ ಬಂದು ಚ‌ಹಾ ಲೋಟ ಹಿಡಿದು ಹೊಸ್ತಿಲ ಮೇಲೆ, ಓಣಿಗೆ ಮುಖ ಮಾಡಿ ಕೂಡುತ್ತೇನೆ. ಪಕ್ಕದಲ್ಲಿ ಅತ್ತೆ, ಅವರ ಎರಡನೆಯ ಲೋಟದ ಜೊತೆ.

ವರ್ಷ ಇನ್ನೂ ತುಂಬಿಲ್ಲ. ಹೋದ ತಿಂಗಳು ಅಕ್ಕನ ಮನೆಗೆ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ಶಹಾಪುರ ಹತ್ತಿರ ಬಂದಂತೆ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಎದ್ದೇಳಬೇಕೋ ಬೇಡವೋ ಎಂದು ಕೂತಿದ್ದೆ. ಅತ್ತೆ ಮೊಣಕೈಯಿಂದ ತಿವಿದರು.

"ಇಳಿಯಬೇ. ನಾಕು ತಗೊಂಡ್ ಬಾ. ಈಗ ಬಿಟ್ಟಿದ್ದು ಕೇಳು, ತಾಟಿನ್ಯಾಗಿಂದು ತರಬ್ಯಾಡ."

ಬಸ್ಸು ನಿಂತ ಕೂಡಲೇ ಇಳಿದು ಬಂಡಿಯ ಹತ್ತಿರ ಹೋದೆ. ಬಂಡಿಯವಳು ನನ್ನನ್ನು ಗುರುತು ಹಿಡಿದಳು, ಹಿಂದೆ ಯಾರಾದರೂ ಬರುತ್ತಾರೇನೋ ಎಂದು ನೋಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಕಾಯಿ ಎಣ್ಣೆಗೆ ಬಿಟ್ಟಳು. ಗರಿಗರಿ ಹನಿಗಳನ್ನು ಎರಡು ಹಿಡಿ ಹಾಕಿದಳು. ಕಂಡಕ್ಟರ್ ಸೀಟಿ ಊದುವುದು ಕೇಳಿಸಿತು. ನಾನು ಓಡಲು ಹೊರಟರೆ, ಬಸ್ಸಿನ ಕಿಟಕಿಯಿಂದ ಅತ್ತೆಯ ತಲೆ ಹೊರಗೆ ಬಂದಿತ್ತು.

"ಏ ತಮ್ಮಾ, ನಿಂದ್ರು. ನಮ್ಮಾಕಿ ಮಿರ್ಚಿ ತರಾಕ ಹೋಗ್ಯಾಳ."

"ಲೇಟ್ ಆಗ್ತದಬೇ ಅಜ್ಜಿ!"

"ಆಗ್ಲಿ ತಗೋ" ಎಂದರು ಅತ್ತೆ. ನನಗೆ ಕೈ ಮಾಡಿ, "ಓಡಬ್ಯಾಡಬೇ, ನಿಧಾನ ಬಾ" ಎಂದು ಕೂಗಿದರು.